ಪ್ರಶ್ನೆಗಳ ಕಡೆ ಕಿವಿ ಕೊಡು: ಟೆಕ್ನಿಕಲ್ ರೈಟರ್ ಆದ ಮಗಳಿಗೆ ದೊಡ್ಡಪ್ಪನ ಪತ್ರ

ದಾವಣಗೆರೆ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ದೊಡ್ಡಮ್ಮನ ಮೊಣಕಾಲು ನೋವು ಈಗ ಪರವಾಗಿಲ್ಲ.

ಯಂತ್ರ, ಸಾಫ್ಟ್‌ವೇರ್ ಬಳಸುವವರಿಗೆ ಮ್ಯಾನುಯಲ್ ಬರೆಯುವ ನಿನ್ನ ಕಸುಬಿನ ಬಗ್ಗೆ ನೀನು ಕಳಿಸಿದ ಪಾಡ್‌ಕಾಸ್ಟುಗಳ ಪಟ್ಟಿ ಸಿಕ್ಕಿತು. ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಒಂದೊಂದಾಗಿ ಕೇಳುತ್ತಾ ಬಂದೆ. ಕೆಲವರ ಇಂಗ್ಲಿಷ್ ನನಗೆ ವೇಗ ಜಾಸ್ತಿ. ಫೋನಿನಲ್ಲಿ ವೇಗ ಕಡಿಮೆ ಮಾಡಿಕೊಂಡರೆ ಚೆನ್ನಾಗಿ ತಿಳಿಯುತ್ತದೆ. ಇವನ್ನು ಕೇಳುತ್ತಾ ಹೋದರೆ ಕೆಲಸ ಕಲಿಯಬಹುದಾ, ಯಾವುದನ್ನು ಕೇಳಲಿ ಅಂತ ನೀನು ಬರೆದಿದ್ದೆ. ಮ್ಯಾನುಯಲ್ ಬರೆದ ಅನುಭವ ನನಗಿಲ್ಲ. ಆದರೆ ಹತ್ತಿ ಗಿರಣಿಯ ಮೇಂಟೆನೆನ್ಸ್‌ನಲ್ಲಿ ಇದ್ದಷ್ಟು ಕಾಲವೂ ಬೇರೆಯವರು ಬರೆದ ಮ್ಯಾನುಯಲ್ ಹಿಡಿದುಕೊಂಡೇ ಕೆಲಸ ಮಾಡಿದವನು ನಾನು. ನೀನು ಬರೆಯುವುದನ್ನು ಓದುವವನು ನನ್ನಂಥವನೇ. ಆ ಕಡೆಯಿಂದ ಹೇಳುತ್ತೇನೆ, ಕೇಳು.

ಮೊದಲು ಪಟ್ಟಿಯ ಬಗ್ಗೆ. ಹೊಸಬಳಾದ ನಿನಗೆ ಎಲ್ಲಕ್ಕಿಂತ ಹತ್ತಿರ ಬರುವುದು 'ದಿ ನಾಟ್ ಬೋರಿಂಗ್ ಟೆಕ್ ರೈಟರ್'. ಜೇಕಬ್ ಮೋಸಸ್ ಶುರು ಮಾಡಿದ್ದು, ಆಮೇಲೆ ಕೇಟ್ ಮುಲ್ಲರ್ ನಡೆಸಿಕೊಂಡು ಬಂದಿದ್ದು. ಈ ಕಸುಬಿನವರು ತಮ್ಮ ಕೆಲಸವನ್ನು ತಾವೇ ಹೇಳಿಕೊಳ್ಳುವ ರೀತಿ ಅದರಲ್ಲಿದೆ. '10 ಮಿನಿಟ್ ಟೆಕ್ ಕಾಮ್' ಚಿಕ್ಕದು. ಅಲಬಾಮಾ ವಿಶ್ವವಿದ್ಯಾಲಯದ ಹಂಟ್ಸ್‌ವಿಲ್ ಕ್ಯಾಂಪಸ್ಸಿನ ಮೇಷ್ಟ್ರು ರಯಾನ್ ವೆಬರ್ ಅದನ್ನು ನಡೆಸಿದರು. ಹಂಟ್ಸ್‌ವಿಲ್ ಅಂದರೆ ನಾಸಾದ ರಾಕೆಟ್ ಕೇಂದ್ರ ಇರುವ ಊರು. ಸಂಶೋಧನೆ ಮಾಡಿದವರನ್ನು ಕೂರಿಸಿಕೊಂಡು ಸ್ವಲ್ಪ ಹೊತ್ತಿನಲ್ಲೇ ಸಾರ ತೆಗೆಯುತ್ತಾರೆ. ಬಸ್ಸು ಕಾಯುವಾಗ ಒಂದು ಕೇಳಬಹುದು. ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿಗೆ ಎಪಿಐ ಅನ್ನುತ್ತಾರಲ್ಲ, ಅದನ್ನು ವಿವರಿಸಿ ಬರೆಯುವ ನಿನ್ನ ಕೆಲಸಕ್ಕೆ 'ರೈಟ್ ದಿ ಡಾಕ್ಸ್' ಪಾಡ್‌ಕಾಸ್ಟ್ ಹೆಚ್ಚು ಉಪಯೋಗ. ಅದರಲ್ಲಿ ಮಾತಾಡಿದ ಟಾಮ್ ಜಾನ್ಸನ್ ಈ ಕಸುಬಿನ ಬಗ್ಗೆ 2006 ರಿಂದ ಬರೆಯುತ್ತಾ ಬಂದವರು. ಇಂಗ್ಲೆಂಡಿನ 'ಚೆರ್ರಿಲೀಫ್', ಸಾರಾ ಓ'ಕೀಫ್ ಅವರ ಸ್ಕ್ರಿಪ್ಟೋರಿಯಂ ಸಂಸ್ಥೆಯ 'ಕಂಟೆಂಟ್ ಸ್ಟ್ರಾಟೆಜಿ ಎಕ್ಸ್‌ಪರ್ಟ್ಸ್', ಇವೆರಡನ್ನೂ ಒಂದೆರಡು ವರ್ಷ ಆದಮೇಲೆ ಕೇಳು. ದೊಡ್ಡ ಕಂಪನಿಗಳಲ್ಲಿ ಸಾವಿರಾರು ಪುಟಗಳನ್ನು ಹೇಗೆ ನಿಭಾಯಿಸುತ್ತಾರೆ ಅನ್ನುವ ಮಾತು ಅಲ್ಲಿ ಜಾಸ್ತಿ. ಈಗ ನಿನಗೆ ಅದು ಭಾರ.

ಇವನ್ನು ಕೇಳಲೇಬೇಕು ಅಂತ ನಾನು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ನಿಮ್ಮ ಆಫೀಸಿನಲ್ಲಿ ಈ ಕೆಲಸಕ್ಕೆ ನೀನೊಬ್ಬಳೇ. ನನ್ನ ಕಾಲದಲ್ಲಿ ಹೊಸ ಫಿಟ್ಟರ್ ಬಂದರೆ ಪಕ್ಕದಲ್ಲಿ ಹಳೇ ಫಿಟ್ಟರ್ ಇರುತ್ತಿದ್ದ. ನಿನಗೆ ಆ ಪಕ್ಕದವರು ಇಲ್ಲ. ಅಮೆರಿಕದಲ್ಲಿ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ ಅಂತ ಒಂದು ಸಂಘ ಇತ್ತು, 1953 ರ ಹೊತ್ತಿಗೆ ಬೇರೂರಿದ್ದು. ನಮ್ಮ ದೇಶದಲ್ಲೂ ಅದರ ಶಾಖೆ ಇತ್ತು. ಅದು 2025 ರ ಜನವರಿಯಲ್ಲಿ ದಿವಾಳಿ ಎದ್ದು ಬಾಗಿಲು ಹಾಕಿತು. ಅಷ್ಟು ಹಳೆಯ ಸಂಘ ಹೋದಮೇಲೆ ಕಸುಬಿನ ಹಿರಿಯರ ಮಾತು ಕಿವಿಗೆ ಬೀಳಲು ಉಳಿದಿರುವ ದಾರಿಗಳಲ್ಲಿ ಈ ಪಾಡ್‌ಕಾಸ್ಟ್ ಒಂದು. ಹಾಗಾಗಿ ಇದನ್ನು ಟೈಂಪಾಸ್ ಅಂದುಕೊಳ್ಳಬೇಡ.

ಆದರೆ ನೀನು ಕೇಳುತ್ತಿರುವ ರೀತಿ ನನಗೆ ಸರಿ ಅನ್ನಿಸಲಿಲ್ಲ. ಹೋದ ಸಲ ಬಂದಾಗ ನೋಡಿದೆ. ಎರಡು ಪಟ್ಟು ವೇಗದಲ್ಲಿ ಹಾಕಿಕೊಂಡು, ಅತಿಥಿ ಹೇಳಿದ ಟೂಲ್‌ಗಳ ಹೆಸರು ಬರೆದುಕೊಳ್ಳುತ್ತಿದ್ದೆ. ಟೂಲ್ ಇವತ್ತು ಒಂದು, ನಾಳೆ ಇನ್ನೊಂದು. ಅದನ್ನು ಕಂಪನಿಯೇ ಕಲಿಸುತ್ತದೆ. ನೀನು ಕಿವಿ ಕೊಡಬೇಕಾದದ್ದು ಅತಿಥಿಯ ಉತ್ತರಕ್ಕಿಂತ ಹೆಚ್ಚಾಗಿ ನಡೆಸಿಕೊಡುವವರ ಪ್ರಶ್ನೆಗೆ.

ಯಾಕೆ ಅಂದರೆ ನಿನ್ನ ಕೆಲಸದ ಮುಕ್ಕಾಲು ಪಾಲು ಅದೇ. ಯಂತ್ರ ಗೊತ್ತಿರುವವನ ಎದುರು ಕೂತು, ಅವನಿಗೆ ಗೊತ್ತಿರುವುದನ್ನು ಗೊತ್ತಿಲ್ಲದವನಿಗೆ ಅರ್ಥವಾಗುವ ಹಾಗೆ ಹೊರಗೆ ತೆಗೆಯುವುದು. ಪಾಡ್‌ಕಾಸ್ಟ್ ನಡೆಸುವವರು ಮಾಡುವುದೂ ಅದನ್ನೇ ಅಲ್ವಾ? ಅತಿಥಿ 'ಸರಳವಾಗಿ ಬರೆಯಬೇಕು' ಅಂತ ಹೇಳಿ ಸುಮ್ಮನಾದರೆ, ಕಚ್ಚಾ ನಿರೂಪಕ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ಪಳಗಿದವನು ಬಿಡುವುದಿಲ್ಲ. ಮೊದಲು ಹೇಗಿತ್ತು, ಏನು ತೆಗೆದಿರಿ, ಯಾರು ಒಪ್ಪಲಿಲ್ಲ ಅಂತ ಕೆದಕುತ್ತಾನೆ. ಅತಿಥಿ ಒಂದು ಕ್ಷಣ ಮಾತು ನಿಲ್ಲಿಸಿ ಯೋಚಿಸುತ್ತಾರೆ. ಆಮೇಲೆ ಬರುವ ಮಾತೇ ನಿಜವಾದ ಮಾತು.

ಗಿರಣಿಯ ಒಂದು ಸಂಗತಿ ಹೇಳುತ್ತೇನೆ. ಹತ್ತಿಯ ಎಳೆಗಳನ್ನು ಬಿಡಿಸಿ ಹಸನು ಮಾಡುವ ಕಾರ್ಡಿಂಗ್ ಯಂತ್ರದಲ್ಲಿ ದೊಡ್ಡ ಸಿಲಿಂಡರ್ ಇರುತ್ತದೆ, ಮೈತುಂಬ ಸೂಕ್ಷ್ಮ ಹಲ್ಲಿನ ತಂತಿ. ಅದರ ಮೇಲೆ ಫ್ಲ್ಯಾಟ್ಸ್ ಅನ್ನುವ ಹಲ್ಲಿನ ಪಟ್ಟಿಗಳು. ಎರಡರ ನಡುವಿನ ಸಂದು ಕೂದಲೆಳೆಯಷ್ಟು ತಪ್ಪಿದರೂ ನೂಲು ಕೆಡುತ್ತದೆ. ಮ್ಯಾನುಯಲ್ಲಿನಲ್ಲಿ '10 ಥೌ ಇಡಿ' ಅಂತಿತ್ತು. ಅಂದರೆ ಇಂಚಿನ ಸಾವಿರದಲ್ಲಿ 10 ಭಾಗ, ಕಾಲು ಮಿಲಿಮೀಟರ್ ಅನ್ನು. ನಾವು ಸಂದು ಅಳೆಯುವ ತೆಳು ಪಟ್ಟಿ, ಲೀಫ್ ಗೇಜ್ ಇಟ್ಟು ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದರೂ ಒಂದು ಯಂತ್ರದ ಕೆಲಸ ಇನ್ನೊಂದರ ಹಾಗೆ ಬರುತ್ತಿರಲಿಲ್ಲ. ನಮ್ಮ ಜಾಬರ್, ಅಂದರೆ ಕೆಲಸಗಾರರ ಮೇಸ್ತ್ರಿ, ಒಬ್ಬರು ಇಟ್ಟರೆ ಮಾತ್ರ ಎಲ್ಲ ಸಮ. 'ಹೇಗೆ ಇಡ್ತೀರಿ' ಅಂತ ಕೇಳಿದರೆ 'ಪುಸ್ತಕದಲ್ಲಿ ಇರೋ ಹಾಗೇನೇ' ಅನ್ನುತ್ತಿದ್ದರು. ಸುಳ್ಳಲ್ಲ. ಅವರಿಗೆ ತಾವು ಬೇರೆ ಏನೋ ಮಾಡುತ್ತಿದ್ದೇವೆ ಅನ್ನುವುದೇ ಗೊತ್ತಿರಲಿಲ್ಲ.

ಪ್ರಶ್ನೆ ಬದಲಾಯಿಸಿ ಕೇಳಿದೆ. ಗೇಜ್ ಒಳಗೆ ಹೋಗುವಾಗ ಕೈಗೆ ಏನು ಗೊತ್ತಾಗಬೇಕು? ಆಗ ಹೇಳಿದರು, 'ಸರಾಗವಾಗಿ ಜಾರಬಾರದು, ಸಿಕ್ಕಿಕೊಳ್ಳಲೂಬಾರದು, ಎಳೆಯುವಾಗ ಸ್ವಲ್ಪ ಹಿಡಿದ ಹಾಗೆ ಆಗಬೇಕು.' ಯಾವ ಹೊತ್ತಿನಲ್ಲಿ ನೋಡುತ್ತೀರಿ ಅಂದೆ. 'ಯಂತ್ರ ಓಡಿ ಬಿಸಿ ಆದರೆ ಸಿಲಿಂಡರ್ ಹಿಗ್ಗುತ್ತೆ, ಸಂದು ಕಮ್ಮಿ ಆಗುತ್ತೆ. ತಣ್ಣಗಿದ್ದಾಗ ಇಟ್ಟಿದ್ದನ್ನೇ ನಂಬಿಕೊಂಡರೆ ಆಗಲ್ಲ' ಅಂದರು. ಎಡಕ್ಕೂ ಬಲಕ್ಕೂ ಕೈಯ ಹಿಡಿತ ಒಂದೇ ಥರ ಬರುವವರೆಗೆ ಬಿಡುವುದಿಲ್ಲ ಅಂತಲೂ ಹೇಳಿದರು. ಇದರಲ್ಲಿ ಒಂದೂ ಮ್ಯಾನುಯಲ್ಲಿನಲ್ಲಿ ಇರಲಿಲ್ಲ, ಪುಟ್ಟೀ. ಬರೆದವರು ಎಂಜಿನಿಯರನ್ನು ಅಳತೆ ಎಷ್ಟು ಅಂತ ಕೇಳಿದ್ದರು. ಇಡುವವನನ್ನು ಹೇಗೆ ಅಂತ ಕೇಳಿರಲಿಲ್ಲ.

ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಪಡೆದ ಊರು ನಮ್ಮದು. ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಯಂತ್ರಗಳು ಗುಜರಿಗೆ ಹೋದವು, ಅದು ಎಲ್ಲರಿಗೂ ಕಂಡಿತು. ಈ ತಿಳಿವಳಿಕೆಯೂ ಜನರ ಜೊತೆ ಮನೆಗೆ ಹೋಯಿತು. ಅದನ್ನು ಯಾರೂ ಬರೆದಿಡಲಿಲ್ಲ. ನನಗೆ ಇವತ್ತಿಗೂ ಅದೇ ಸಂಕಟ. ನೀನು ಈ ಕೆಲಸಕ್ಕೆ ಸೇರಿದಾಗ ಮನೆಯಲ್ಲಿ ಕೆಲವರು 'ಕೋಡಿಂಗ್ ಸಿಗಲಿಲ್ಲವಾ' ಅಂದರಲ್ಲ, ಆಗ ನಾನು ಖುಷಿಪಟ್ಟಿದ್ದು ಇದಕ್ಕೇ.

ಹಾಗಾಗಿ ಹೀಗೆ ಮಾಡಿ ನೋಡು. ವಾರಕ್ಕೆ ಒಂದೇ ಕಂತು ಕೇಳು. ಮಾಮೂಲಿ ವೇಗದಲ್ಲಿ ಕೇಳು. ಅತಿಥಿಯ ಉತ್ತರ ಮುಗಿದ ಕೂಡಲೇ ನಿಲ್ಲಿಸಿ, ನಾನಾಗಿದ್ದರೆ ಈಗ ಏನು ಕೇಳುತ್ತಿದ್ದೆ ಅಂತ ಒಂದು ಸಾಲು ಬರೆದುಕೋ. ಆಮೇಲೆ ಅವರು ಏನು ಕೇಳಿದರು ಅಂತ ಕೇಳಿಸಿಕೋ. ಕೆಲವು ಸಲ ನಿನ್ನದೇ ಚೆನ್ನಾಗಿರುತ್ತದೆ. ಅವರದು ಚೆನ್ನಾಗಿದ್ದರೆ ಆ ಪ್ರಶ್ನೆಯನ್ನು ಅದೇ ವಾರ ನಿಮ್ಮ ಡೆವಲಪರ್ ಹತ್ತಿರ ಹಾಕು. ಸುಮ್ನೆ ಕೇಳಿ ಬಿಟ್ಟ ಕಂತು ಬಸ್ಸು ಹಿರಿಯೂರು ದಾಟುವಷ್ಟರಲ್ಲಿ ಮರೆತುಹೋಗುತ್ತದೆ. ಬಳಸಿದ ಪ್ರಶ್ನೆ ಮರೆಯುವುದಿಲ್ಲ.

ಡೆವಲಪರ್ ಹತ್ತಿರ 'ಇದು ಸರಿ ಇದೆಯಾ' ಅಂತ ಮಾತ್ರ ಕೇಳಬೇಡ. ಹೂಂ ಅಂದುಬಿಡುತ್ತಾರೆ. 'ಇದನ್ನು ನನ್ನೆದುರು ಒಂದು ಸಲ ಮಾಡಿ ತೋರಿಸ್ತೀರಾ' ಅನ್ನು. ಮಾಡುವಾಗ ಅವರು ಹೇಳದೆ ಒತ್ತುವ ಗುಂಡಿ, ಕಾಯುವ ಎರಡು ನಿಮಿಷ, ಅಲ್ಲೇ ನಿನ್ನ ಬರವಣಿಗೆ ಇರುತ್ತದೆ.

ಎಚ್ಚರಿಕೆಯ ಮಾತುಗಳ ಬಗ್ಗೆ ಯಾವ ಕಂತು ಬಂದರೂ ಬಿಡಬೇಡ. ಆ ಕಾರ್ಡಿಂಗ್ ಸಿಲಿಂಡರ್ ಬಹಳ ತೂಕದ್ದು. ಸ್ವಿಚ್ ಆಫ್ ಮಾಡಿದ ಮೇಲೂ ಎಷ್ಟೋ ಹೊತ್ತು ತಿರುಗುತ್ತಲೇ ಇರುತ್ತದೆ. ಒಂದು ಕಂಪನಿಯ ಮ್ಯಾನುಯಲ್ಲಿನಲ್ಲಿ 'ಮುಚ್ಚಳ ತೆಗೆಯಿರಿ' ಅನ್ನುವುದು ಮೊದಲು, 'ಸಿಲಿಂಡರ್ ಪೂರ್ತಿ ನಿಂತಿದೆಯೇ ನೋಡಿಕೊಳ್ಳಿ' ಅನ್ನುವುದು ಮುಂದಿನ ಪುಟದಲ್ಲಿ. ನಮ್ಮ ಶಿಫ್ಟಿನ ಒಬ್ಬ ಹುಡುಗ ಓದುತ್ತಾ ಓದುತ್ತಾ ಕೆಲಸ ಮಾಡಿದ. ಅವನ ಎರಡು ಬೆರಳು ಹೋದವು. ಎಚ್ಚರಿಕೆ ಯಾವಾಗಲೂ ಹೆಜ್ಜೆಗಿಂತ ಮುಂಚೆ ಬರಬೇಕು. ಅಮೆರಿಕದ ಆನ್ಸಿ ಅನ್ನುವ ಮಾನಕ ಸಂಸ್ಥೆಯ ಝಡ್535 ನಿಯಮದಲ್ಲಿ ಎಚ್ಚರಿಕೆಯ ಪದಗಳಿಗೂ ದರ್ಜೆ ಇದೆ. ತಪ್ಪಿಸದಿದ್ದರೆ ಸಾವು ಅಥವಾ ದೊಡ್ಡ ಗಾಯ ಆಗಿಯೇ ತೀರುತ್ತದೆ ಅಂತಿದ್ದರೆ 'ಡೇಂಜರ್', ಆಗಬಹುದು ಅಂತಿದ್ದರೆ 'ವಾರ್ನಿಂಗ್', ಸಣ್ಣ ಅಥವಾ ಮಧ್ಯಮ ಗಾಯಕ್ಕೆ 'ಕಾಶನ್'. ನಿಮ್ಮ ಕಂಪನಿಯ ಸಾಫ್ಟ್‌ವೇರ್ ಅಂತೂ ಕಾರ್ಖಾನೆಯ ಯಂತ್ರಗಳನ್ನೇ ಓಡಿಸುವಂಥದ್ದು. ಸ್ಕ್ರೀನ್ ಮೇಲೆ 'ಸ್ಟಾಪ್' ಒತ್ತಿದರೆ ಯಂತ್ರ ಆ ಕ್ಷಣಕ್ಕೇ ನಿಲ್ಲುತ್ತದಾ ಅಂತ ನೀನು ಕೇಳಿದ್ದೀಯಾ? ಕೇಳಿಲ್ಲದಿದ್ದರೆ ನಾಳೆಯೇ ಕೇಳು.

ವಾಕ್ಯದ ಉದ್ದದ ವಿಷಯಕ್ಕೆ ವಿಮಾನದವರ ದಾರಿ ನೋಡು. ಯುರೋಪಿನ ವಿಮಾನ ಕಂಪನಿಗಳು ಮೇಂಟೆನೆನ್ಸ್ ಪುಸ್ತಕಗಳು ಓದಲು ಕಷ್ಟ ಅಂತ ಕೇಳಿಕೊಂಡ ಮೇಲೆ ತಯಾರಕರ ಸಂಘ ಒಂದು ಸರಳ ಇಂಗ್ಲಿಷನ್ನೇ ಕಟ್ಟಿತು. 1986 ರಲ್ಲಿ ಮೊದಲ ಸಲ ಹೊರಬಂತು. ಈಗ ಅದಕ್ಕೆ ಎಎಸ್‌ಡಿ-ಎಸ್‌ಟಿಇ100 ಅನ್ನುತ್ತಾರೆ. ಕೆಲಸ ಹೇಳುವ ವಾಕ್ಯ 20 ಪದ ಮೀರಬಾರದು, ವಿವರಿಸುವ ವಾಕ್ಯ 25 ಮೀರಬಾರದು, ಒಂದು ವಾಕ್ಯಕ್ಕೆ ಒಂದೇ ಕೆಲಸ. ಇಂಗ್ಲಿಷ್ ಮನೆಮಾತಲ್ಲದ ಮೆಕ್ಯಾನಿಕ್ ರಾತ್ರಿ ಪಾಳಿಯಲ್ಲಿ ಓದಿದರೂ ತಪ್ಪಬಾರದು ಅನ್ನುವುದು ಅದರ ಹಿಂದಿನ ಕಾಳಜಿ. ಅದು ನಮ್ಮಂಥವರನ್ನು ನೆನೆದು ಮಾಡಿದ ಕೆಲಸ. ನನಗೆ ಅದರ ಮೇಲೆ ಬಹಳ ಗೌರವ.

ಇನ್ನು ಆಫೀಸಿನ ಮಾತುಕತೆ. ಎಂಜಿನಿಯರುಗಳು ನಿನ್ನ ಮೇಲ್‌ಗೆ ಉತ್ತರ ಕೊಡುವುದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೆ. ನಿನ್ನ ಅತ್ತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬದಲಾಗುವಾಗ ಎಸ್‌ಬಿಎಆರ್ ಅನ್ನುವ ಕ್ರಮದಲ್ಲಿ ಹೇಳುತ್ತಾಳೆ. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತದೆ, ನೀವು ಏನು ಮಾಡಬೇಕು. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಪದ್ಧತಿ, ಅಲ್ಲಿಂದ ಆಸ್ಪತ್ರೆಗೆ ಬಂತು. ನಿನ್ನ ಮೇಲ್ ನೋಡಿದೆ. ನಾಲ್ಕು ಸಾಲು ಕ್ಷಮೆ, ಆಮೇಲೆ ಹಿನ್ನೆಲೆ, ಕೊನೆಯಲ್ಲಿ ಪ್ರಶ್ನೆ. ಅದನ್ನು ತಿರುಗಿಸು. ಏನು ಬೇಕು, ಯಾವತ್ತಿನೊಳಗೆ ಬೇಕು ಅನ್ನುವುದು ಮೊದಲ ಸಾಲಿಗೆ ಬರಲಿ. ಕ್ಷಮೆ ಕೇಳುವ ತಪ್ಪು ನೀನೇನೂ ಮಾಡಿಲ್ಲ.

ಎಐ ಬಂದು ಈ ಕೆಲಸ ಹೋಗುತ್ತದೆ ಅಂತ ಎಲ್ಲ ಪಾಡ್‌ಕಾಸ್ಟಿನಲ್ಲೂ ಚರ್ಚೆ ಇದೆ, ನಿನಗೂ ಭಯ ಇದೆ. ವಾಕ್ಯ ಬರೆಯುವ ಕೆಲಸ ಕಮ್ಮಿ ಆಗಬಹುದು, ಇಲ್ಲ ಅನ್ನಲಾರೆ. ಆದರೆ ಜಾಬರ್ ಬಾಯಿಂದ ಬಾರದ ಮಾತು ಯಾವ ಯಂತ್ರಕ್ಕೂ ಸಿಗುವುದಿಲ್ಲ. ಕೇಳುವುದರಲ್ಲಿ ಗಟ್ಟಿಯಾಗು ಅಂತ ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಒಂದು ಕೆಲಸ ಒಪ್ಪಿಸುತ್ತೇನೆ. ನಾನು ಹೇಳಿದ ಜಾಬರ್ ಈಗಲೂ ನಮ್ಮ ಏರಿಯಾದಲ್ಲೇ ಇದ್ದಾರೆ. ವಯಸ್ಸಾಗಿದೆ, ನೆನಪು ಚೆನ್ನಾಗಿದೆ. ದಸರಾ ರಜೆಗೆ ಬಂದಾಗ ಅವರ ಹತ್ತಿರ ಕೂತು ಫೋನಿನಲ್ಲಿ ಒಂದು ಗಂಟೆ ಮಾತು ರೆಕಾರ್ಡ್ ಮಾಡು. ಕನ್ನಡದಲ್ಲೇ ಮಾಡು. ಅವರ ಒಪ್ಪಿಗೆ ನಾನು ಆಗಲೇ ಕೇಳಿದ್ದೇನೆ. ನೂಲು ತೆಗೆಯುವ ಯಂತ್ರ ರಿಂಗ್ ಫ್ರೇಮಿನಲ್ಲಿ ದಾರ ಪದೇ ಪದೇ ಕಡಿದರೆ ಮೊದಲು ಎಲ್ಲಿ ನೋಡುತ್ತಿದ್ದರು, ಬೇಸಿಗೆಯಲ್ಲಿ ಗಾಳಿ ಒಣಗಿದಾಗ ಏನು ಬದಲಾಯಿಸುತ್ತಿದ್ದರು ಅಂತ ಕೇಳು. ಆಮೇಲೆ ಅದನ್ನೇ ಕೇಳಿಸಿಕೊಂಡು, ನೀನು ಎಲ್ಲಿ ಅವರ ಮಾತಿಗೆ ಅಡ್ಡ ಬಂದೆ, ಎಲ್ಲಿ ಇನ್ನೊಂದು ಪ್ರಶ್ನೆ ಹಾಕಬೇಕಿತ್ತು ಅಂತ ಗುರುತು ಹಾಕು. ಅದರಿಂದ ಎರಡು ಪುಟದ ಸೂಚನೆ ಬರೆದು ನನಗೆ ಕೊಡು. ಯಾವ ಸಾಲಿನಲ್ಲಿ ಕೈ ನಿಂತಿತು ಅಂತ ನಾನು ಓದಿ ಹೇಳುತ್ತೇನೆ.

ಬರುವ ದಿನ ಮೊದಲೇ ತಿಳಿಸು. ಅವರು ಮಧ್ಯಾಹ್ನ ಮಲಗುತ್ತಾರೆ, ಸಂಜೆ ಐದರ ಮೇಲೆ ಸಿಗುತ್ತಾರೆ. ಕಿವಿ ಸ್ವಲ್ಪ ಮಂದ, ಎಡಗಡೆ ಕೂತು ಮಾತಾಡಬೇಕು.

ಇಂತಿ ನಿನ್ನ
ದೊಡ್ಡಪ್ಪ