ವಿಧೇಯಕದ ಕೊನೆಯ ಪುಟವನ್ನೂ ಓದಿ: ಮಲೆನಾಡಿನ ಶಾಸಕರಿಗೊಂದು ಬಹಿರಂಗ ಪತ್ರ

ಹಾಸನ ಜಿಲ್ಲೆಯ 7 ಹಾಗೂ ಚಿಕ್ಕಮಗಳೂರು ಜಿಲ್ಲೆಯ 5 ಕ್ಷೇತ್ರಗಳ ಮಾನ್ಯ ಶಾಸಕರಿಗೆ,

ನಮಸ್ಕಾರ.

ಸಂವಿಧಾನದ 176ನೇ ವಿಧಿಯಂತೆ ವರ್ಷದ ಮೊದಲ ಅಧಿವೇಶನ ರಾಜ್ಯಪಾಲರ ಭಾಷಣದಿಂದ ಶುರುವಾಗುತ್ತದೆ. ಸರ್ಕಾರ ಆ ವರ್ಷ ಏನು ಮಾಡಹೊರಟಿದೆ, ಯಾವ ಕಾಯ್ದೆ ತರಲಿದೆ ಎಂಬುದು ಅಲ್ಲಿಂದ, ಆಮೇಲೆ ಬಜೆಟ್‌ನಿಂದ ಊರಿಗೆ ತಿಳಿಯುತ್ತದೆ. ಮೂಡಿಗೆರೆ, ಸಕಲೇಶಪುರ, ಬೇಲೂರಿನ ಕಡೆ ಜನ ಆಗ ಕೇಳುವುದು ಎರಡೇ ಪ್ರಶ್ನೆ: "ಅರ್ಜಿ ಯಾವ ನಮೂನೆಯಲ್ಲಿ ಹಾಕ್ಬೇಕು? ಕೊನೇ ದಿನ ಯಾವತ್ತು?" ಇದನ್ನು ಉದಾಸೀನ ಎಂದುಕೊಳ್ಳಬೇಡಿ. ನಮೂನೆ 50, 53, 57 ಎಂದು ಮೂರು ಕಾಲದ ಬಗರ್ ಹುಕುಂ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನಿನ ಸಕ್ರಮ) ಅರ್ಜಿಗಳನ್ನು ಕಂಡ ಊರುಗಳಿವು. ಕಾಯ್ದೆ ಎಲ್ಲಿ ಬಂದು ನಿಲ್ಲುತ್ತದೆ ಎಂದು ಇವರಿಗೆ ಗೊತ್ತು: ಅದರ ಕೆಳಗೆ ಸರ್ಕಾರ ಮಾಡುವ ನಿಯಮಗಳಲ್ಲಿ.

ಬಗರ್ ಹುಕುಂ ಸಮಿತಿಗೆ ಸಾಮಾನ್ಯವಾಗಿ ನೀವೇ ಅಧ್ಯಕ್ಷರು. ಆದರೂ ಒಮ್ಮೆ ಬರೆದಿಡುತ್ತೇವೆ. ನಮೂನೆ 57ಕ್ಕೆ 2005ರ ಜನವರಿ 1ಕ್ಕಿಂತ ಮೊದಲೇ ಸಾಗುವಳಿ ಇದ್ದಿರಬೇಕು. ಕೈಯಲ್ಲಿರುವ ಹಿಡುವಳಿಯೂ ಸೇರಿ, ಡಿ ವರ್ಗದ (ನೀರಾವರಿ ಇಲ್ಲದ ಖುಷ್ಕಿ) ಜಮೀನಿನ ಲೆಕ್ಕದಲ್ಲಿ 2 ಹೆಕ್ಟೇರ್, ಅಂದರೆ 4 ಎಕರೆ 38 ಗುಂಟೆ ಮೀರಬಾರದು. ಆಮೇಲೆ ಸ್ಥಳ ಮಹಜರು, ಕಂದಾಯ ನಿರೀಕ್ಷಕರ ವರದಿ, ಸರ್ವೆ ನಕ್ಷೆ, ಸಮಿತಿಯ ತೀರ್ಮಾನ, ಸಾಗುವಳಿ ಚೀಟಿ (ಮಂಜೂರಾತಿ ಪತ್ರ), ಪೋಡಿ (ಮಂಜೂರಾದ ಭಾಗಕ್ಕೆ ಬೇರೆ ಸರ್ವೆ ನಂಬರು), ಪಹಣಿ. ಕೆಲಸ ಕೆಡುವುದು ಹೆಚ್ಚಾಗಿ ಎರಡು ಕಡೆ.

ಮೊದಲನೆಯದು ಗೋಮಾಳ, ಅಂದರೆ ಊರ ದನ ಮೇಯಲು ಬಿಟ್ಟ ಸರ್ಕಾರಿ ಜಾಗ. 100 ರಾಸಿಗೆ 30 ಎಕರೆ ಉಳಿಸಬೇಕೆಂದು ನಿಯಮವಿದೆ. ಊರಿನಲ್ಲಿ 200 ರಾಸು, ಗೋಮಾಳ 70 ಎಕರೆ ಎಂದಿಟ್ಟುಕೊಳ್ಳಿ. ಮಂಜೂರಿಗೆ ಸಿಗುವುದು 10 ಎಕರೆ. ಅರ್ಜಿ 40 ಎಕರೆಗೆ ಬಂದಿದ್ದರೆ 30 ಎಕರೆ ಸಾಗುವಳಿ ಮಾಡಿದವರು ಹೊರಗೆ, ಅವರ ದಾಖಲೆ ಎಷ್ಟೇ ಚೊಕ್ಕವಾಗಿರಲಿ. ಎರಡನೆಯದು ಅರಣ್ಯ. ಪಹಣಿಯಲ್ಲಿ ಸರ್ಕಾರಿ ಎಂದಿರುವ ಸರ್ವೆ ನಂಬರೇ ಅರಣ್ಯ ಇಲಾಖೆಯ ಕಡತದಲ್ಲಿ ಸೆಕ್ಷನ್ 4 (ಮೀಸಲು ಅರಣ್ಯ ಮಾಡುವ ಪ್ರಸ್ತಾವ) ಎಂದೋ ಡೀಮ್ಡ್ (ಅರಣ್ಯವೆಂದು ಪರಿಗಣಿಸಿದ್ದು) ಎಂದೋ ಇರುತ್ತದೆ. ಎರಡೂ ಇಲಾಖೆ ಸೇರಿ ಜಂಟಿ ಸರ್ವೆ ಮಾಡಿ ಗಡಿ ಹಾಕದ ಹೊರತು ಆ ಕಡತ ಮೇಜು ಬಿಟ್ಟು ಏಳುವುದಿಲ್ಲ.

ಕಾಫಿ, ಏಲಕ್ಕಿ, ಮೆಣಸು ಬೆಳೆದ ಒತ್ತುವರಿ ಜಮೀನನ್ನು 25 ಎಕರೆವರೆಗೆ, 30 ವರ್ಷದವರೆಗೆ ಗುತ್ತಿಗೆ ಕೊಡಲು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಬಂದಾಗಲೂ ಜನರ ಬಾಯಲ್ಲಿದ್ದದ್ದು ಇಂಥ ಪ್ರಶ್ನೆಗಳೇ. ಎಕರೆಗೆ ವರ್ಷಕ್ಕೆ ಎಷ್ಟು? ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಯಾರದು? ಗುತ್ತಿಗೆದಾರ ತೀರಿಕೊಂಡರೆ ಮಕ್ಕಳಿಗೆ ಮುಂದುವರಿಯುತ್ತದೆಯೇ? ಆ ಪತ್ರ ಇಟ್ಟುಕೊಂಡು ಬ್ಯಾಂಕು ಬೆಳೆ ಸಾಲ ಕೊಡುತ್ತದೆಯೇ? ಅದೇ ತೋಟದ ಲೈನ್ ಮನೆಯಲ್ಲಿದ್ದುಕೊಂಡು ನಿವೇಶನಕ್ಕೆ ಅರ್ಜಿ ಹಾಕಿದ ಕೂಲಿಯವರ ಪಾಲೇನು? ನಮ್ಮ ಪ್ರಕಾರ ಎಲ್ಲಕ್ಕಿಂತ ಭಾರದ ಪ್ರಶ್ನೆ ಈ ಕೊನೆಯದು. ಸದನದಲ್ಲಿ ಇದನ್ನು ಎತ್ತಬೇಕಾದವರು ನೀವೇ.

ಆದ್ದರಿಂದ ವಿಧೇಯಕದ ಪ್ರತಿ ಕೈಗೆ ಬಂದಾಗ ಪೆನ್ಸಿಲ್ ಹಿಡಿದು ಕೂತುಕೊಳ್ಳಿ. 1ನೇ ಖಂಡದಲ್ಲಿ "ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು ಜಾರಿಗೆ ಬರತಕ್ಕದ್ದು" ಎಂದಿದ್ದರೆ, ರಾಜ್ಯಪಾಲರ ಅಂಕಿತ ಬಿದ್ದ ಮೇಲೂ ಕಾಯ್ದೆ ಮಲಗಿರಬಹುದು. ಒಳಗೆ "ನಿಯಮಿಸಬಹುದಾದಂಥ" ಎಂಬ ಪದ ಬಂದ ಕಡೆಯೆಲ್ಲ ಗೆರೆ ಎಳೆಯಿರಿ. ದರ, ನಮೂನೆ, ಗಡುವು, ಮೇಲ್ಮನವಿ ಎಲ್ಲ ಆ ಒಂದು ಪದದ ಹಿಂದೆ ಇರುತ್ತವೆ. ಯಾವ ಯಾವ ಖಂಡದಲ್ಲಿ ಸರ್ಕಾರಕ್ಕೆ ನಿಯಮ ಮಾಡುವ ಅಧಿಕಾರ ಬಿಟ್ಟಿದ್ದಾರೆ ಎಂಬ ಜ್ಞಾಪನ ಪತ್ರ ಕೊನೆಯಲ್ಲಿರುತ್ತದೆ. ಖಂಡವಾರು ಚರ್ಚೆಯಲ್ಲಿ ತಿದ್ದುಪಡಿ ಸೂಚಿಸಲು ಬೇಕಾದದ್ದೆಲ್ಲ ಅದರಲ್ಲೇ ಸಿಗುತ್ತದೆ.

ಕರಡು ನಿಯಮ ರಾಜ್ಯಪತ್ರದಲ್ಲಿ ಬಂದಾಗ ಆಕ್ಷೇಪಣೆಗೆ 15 ದಿನವೋ 30 ದಿನವೋ ಕೊಡುತ್ತಾರೆ. ಬೆಳಗಾವಿ ಅಧಿವೇಶನದ ಡಿಸೆಂಬರಿನಲ್ಲಿ ಇಲ್ಲಿ ಅರೇಬಿಕಾ ಕೊಯ್ಲು. ಬಜೆಟ್ ಹೊತ್ತಿಗೆ ರೋಬಸ್ಟಾ ಕೊಯ್ಲು, ಕಣದಲ್ಲಿ ಒಣಗಿಸುವುದು, ಹೂವಿನ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್. ಆಗ ರಾಜ್ಯಪತ್ರ ಹುಡುಕಿ ಓದುವವರು ಯಾರು? ಹಾಗಾಗಿ ಕನ್ನಡದ ಕರಡನ್ನು ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೆ ಹಾಕಿಸಿ, ಗ್ರಾಮಸಭೆಯಲ್ಲಿ ಓದಿಸಿ, ಕನಿಷ್ಠ 60 ದಿನ ಕೇಳಿ.

ಕಾಯ್ದೆ ಪ್ರಕಟವಾದ 90 ದಿನದೊಳಗೆ ನಿಯಮ ಬರಬೇಕು ಎಂಬ ಖಂಡವನ್ನು ವಿಧೇಯಕಕ್ಕೇ ಸೇರಿಸಲು ಒತ್ತಾಯಿಸಿ. ಹಳೆಯ ಕಾಯ್ದೆಗಳಿಗೆ ನಿಯಮ ಎಲ್ಲಿ ಎಂದು 15 ದಿನ ಮೊದಲೇ ಸೂಚನೆ ಕೊಟ್ಟು ಚುಕ್ಕೆ ಗುರುತಿನ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ) ಪ್ರಶ್ನೆ ಹಾಕಿ. ಸಚಿವರು "ಶೀಘ್ರದಲ್ಲೇ" ಎಂದರೆ ಆ ಉತ್ತರವನ್ನು ಸರ್ಕಾರಿ ಭರವಸೆಗಳ ಸಮಿತಿಗೆ ಒಪ್ಪಿಸಿ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ನಮ್ಮ ವಿಧಾನಮಂಡಲವೇ ಕಾಯ್ದೆ ಮಾಡಿಕೊಂಡಿದೆ. ಆ 60 ದಿನವೂ ನಡೆದರೆ ಇಷ್ಟು ಕೆಲಸಕ್ಕೆ ಸಮಯ ಸಾಲುತ್ತದೆ.

ಮುಂದಿನ ಅಧಿವೇಶನಕ್ಕೆ ಹೊರಡುವ ಮೊದಲು ನಿಮ್ಮ ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಒಂದು ಮಧ್ಯಾಹ್ನ ಕೊಡಿ. ಸರ್ವೆ ನಂಬರುವಾರು ಪಟ್ಟಿ ಹಿಡಿದುಕೊಂಡು ಬರುತ್ತೇವೆ.

ಇಂತಿ,
ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಬೆಳೆಗಾರರು, ತೋಟದ ಕಾರ್ಮಿಕರು ಮತ್ತು ತಾಲ್ಲೂಕು ಕಚೇರಿಗಳ ಎದುರು ಅರ್ಜಿ ಬರೆದುಕೊಡುವವರು