ರಿಮೋಟಿನ ಬ್ಯಾಟರಿ ಬಗ್ಗೆ ಕೊಟ್ಟ ದೂರನ್ನು ವಿಚಾರಿಸದೆ ಮುಗಿಸಿದ ಕುರಿತು

ಇವರಿಗೆ,
ಕಾನೂನು ವಿಭಾಗದ ಮುಖ್ಯಸ್ಥರು ಹಾಗೂ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಮಕ್ಕಳ ಕೋಣೆಯ ದೀಪದ ರಿಮೋಟಿನಿಂದ ಬಟನ್ ಬ್ಯಾಟರಿ ಹೊರಬೀಳುತ್ತಿರುವುದು

ಮಾನ್ಯರೇ,

ನಿಮ್ಮ ಕಂಪನಿಯ ರಾತ್ರಿ ದೀಪವನ್ನು ಮಗಳ ಕೋಣೆಗೆಂದು ತಂದಿದ್ದೆವು. ದೀಪದ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಅದರ ಜೊತೆ ಬಂದ ರಿಮೋಟಿನ ಬಗ್ಗೆ. ಅದಕ್ಕಿಂತ ಜಾಸ್ತಿ, ನನ್ನ ದೂರನ್ನು ನೀವು ನಡೆಸಿಕೊಂಡ ರೀತಿಯ ಬಗ್ಗೆ.

ರಿಮೋಟಿನ ಕೆಳತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಟ್ರೇ ಇದೆ. ಅದರೊಳಗೆ ನಾಣ್ಯದಂತೆ ಚಪ್ಪಟೆಯಾದ ಸಿಆರ್2032 ಬಟನ್ ಬ್ಯಾಟರಿ. ಟ್ರೇಗೆ ಸ್ಕ್ರೂ ಇಲ್ಲ. ಪಕ್ಕದ ಕೊಂಡಿಯನ್ನು ಉಗುರಿನಿಂದ ಒತ್ತಿ ಎಳೆಯಿರಿ ಎಂದು ಕೈಪಿಡಿ ಹೇಳುತ್ತದೆ. ಆದರೆ ಆ ಕೊಂಡಿ ಎಷ್ಟು ಸಡಿಲ ಅಂದರೆ, ರಿಮೋಟ್ ಒಮ್ಮೆ ಕೈಜಾರಿ ನೆಲಕ್ಕೆ ಬಿದ್ದರೆ ಸಾಕು, ಟ್ರೇ ತಾನಾಗಿಯೇ ಹೊರಗೆ ಬರುತ್ತದೆ. ನಮ್ಮ ಮನೆಯಲ್ಲಿ ಆಗಿದ್ದೂ ಅದೇ. ನನ್ನ ಹೆಂಡತಿ ನೋಡುವಷ್ಟರಲ್ಲಿ ಬ್ಯಾಟರಿ ಮಗಳ ಮುಷ್ಟಿಯೊಳಗಿತ್ತು. ಅವಳಿಗಿನ್ನೂ ಎರಡು ವರ್ಷ ತುಂಬಿಲ್ಲ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು.

ಈ ಬ್ಯಾಟರಿ 20 ಮಿಲಿಮೀಟರ್ ಅಗಲ ಇರುತ್ತದೆ. ಚಿಕ್ಕ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಅಷ್ಟು ಸಾಕು. ಒಳಗಿನ ಒದ್ದೆ ಚರ್ಮಕ್ಕೆ ತಾಗಿದ ತಕ್ಷಣ ಕರೆಂಟು ಹರಿಯಲು ಶುರುವಾಗುತ್ತದೆ. ಅಲ್ಲಿ ಕ್ಷಾರ ಹುಟ್ಟಿ ಅನ್ನನಾಳವನ್ನು ಸುಡುತ್ತದೆ. ಎರಡೇ ಗಂಟೆಯಲ್ಲಿ ಗಂಭೀರ ಗಾಯ ಆಗಬಹುದು. ರಿಮೋಟ್ ಓಡಿಸಲಾಗದಷ್ಟು ಸೋತ ಬ್ಯಾಟರಿಯಲ್ಲೂ ಸುಡುವಷ್ಟು ಶಕ್ತಿ ಉಳಿದಿರಬಹುದು. ಮಗು ನುಂಗಿದ್ದನ್ನು ಯಾರೂ ನೋಡದಿದ್ದರೆ ಕೆಮ್ಮು, ಜೊಲ್ಲು, ಊಟ ಬೇಡ ಅನ್ನುವುದು, ಇಷ್ಟೇ ಕಾಣುವುದು. ನೆಗಡಿ ಇರಬೇಕು ಅಂದುಕೊಂಡು ಅಪ್ಪ ಅಮ್ಮ ಸುಮ್ಮನಾಗುತ್ತಾರೆ.

ಇದನ್ನೆಲ್ಲ ಬರೆದು, ಟ್ರೇ ಹೊರಬಿದ್ದ ಫೋಟೋ ಸಮೇತ ನಿಮಗೆ ಕಳಿಸಿದೆ. ‘ಅನಾನುಕೂಲಕ್ಕೆ ವಿಷಾದಿಸುತ್ತೇವೆ, ಹೊಸ ರಿಮೋಟ್ ಕಳಿಸುತ್ತಿದ್ದೇವೆ’ ಎಂಬ ಉತ್ತರ ಬಂತು. ಹೊಸ ರಿಮೋಟೂ ಬಂತು. ಅದರಲ್ಲೂ ಅದೇ ಟ್ರೇ, ಅದೇ ಕೊಂಡಿ. ನನ್ನ ದೂರನ್ನು ‘ಬಿಡಿಭಾಗ ಬದಲಾವಣೆ’ ಎಂಬ ಪಟ್ಟಿಗೆ ಸೇರಿಸಿ ‘ಪರಿಹರಿಸಲಾಗಿದೆ’ ಎಂದು ಮುಗಿಸಿದ್ದೀರಿ. ಬ್ಯಾಚ್ ನಂಬರ್ ಯಾವುದು ಎಂದು ಯಾರೂ ಕೇಳಲಿಲ್ಲ. ಮಗು ಹುಷಾರಾಗಿದೆಯಾ ಅಂತಲೂ ಕೇಳಲಿಲ್ಲ. ನನಗೆ ನಿಜಕ್ಕೂ ನೋವಾಗಿದ್ದು ಅಲ್ಲಿ.

ನಾನು ನಿಮ್ಮ ಗ್ರಾಹಕನಷ್ಟೇ ಅಲ್ಲ, ಸಣ್ಣ ಷೇರುದಾರನೂ ಹೌದು. ನಿಮ್ಮ ವಾರ್ಷಿಕ ವರದಿಯನ್ನು ಓದಿದ್ದೇನೆ. ಮಾಲು ವಾಪಸ್ ಕರೆಸಬೇಕಾಗಿ ಬರುವುದು, ಗ್ರಾಹಕರ ಮೊಕದ್ದಮೆ, ಹೊಸ ಸುರಕ್ಷತಾ ನಿಯಮಗಳು, ಇವೆಲ್ಲ ಕಂಪನಿಗೆ ಅಪಾಯ ಎಂದು ಅದರಲ್ಲಿ ಉದ್ದಕ್ಕೆ ಬರೆದಿದ್ದೀರಿ. ಓದಿದರೆ ಈ ಅಪಾಯ ಎಲ್ಲೋ ಹೊರಗಿನಿಂದ ಬಂದು ಎರಗುತ್ತದೆ ಅನ್ನಿಸುತ್ತದೆ. ಹಾಗಲ್ಲ. ಅದು ನಿಮ್ಮ ದೂರು ವಿಭಾಗದಲ್ಲೇ ಹುಟ್ಟುತ್ತದೆ. ನನ್ನ ವಿಷಯದಲ್ಲಿ ಈಗಾಗಲೇ ಹುಟ್ಟಿದೆ.

ನೀವು ಅಮೆರಿಕದಲ್ಲೂ ಮಾರುತ್ತೀರಿ. ಅಲ್ಲಿ ಬಟನ್ ಬ್ಯಾಟರಿಗೆಂದೇ 2022ರ ಆಗಸ್ಟ್‌ನಲ್ಲಿ ರೀಸ್ ಕಾನೂನು ಬಂದಿದೆ. ಅದರಂತೆ ಬ್ಯಾಟರಿ ಇರುವ ಜಾಗ ತೆರೆಯಲು ಸ್ಕ್ರೂಡ್ರೈವರ್ ಅಥವಾ ನಾಣ್ಯದಂಥ ಸಾಧನ ಬೇಕು, ಇಲ್ಲವೇ ಒಂದೇ ಹೊತ್ತಿಗೆ ಎರಡು ಬೇರೆ ಬೇರೆ ರೀತಿಯಲ್ಲಿ ಕೈ ಆಡಿಸಬೇಕು. ಒತ್ತುವುದು ಒಂದು, ಎಳೆಯುವುದು ಇನ್ನೊಂದು ಎಂದು ನಿಮ್ಮ ವಕೀಲರು ವಾದಿಸಬಹುದು. ಆದರೆ ಅಲ್ಲಿ ಬೀಳಿಸಿ ನೋಡುವ ಪರೀಕ್ಷೆಯೂ ಇದೆ. ಬಿದ್ದಾಗ ತಾನೇ ಬಿಚ್ಚಿಕೊಳ್ಳುವ ಟ್ರೇಗೆ ಯಾವ ವಾದ ತಾನೇ ನಿಲ್ಲುತ್ತದೆ? ಆಸ್ಟ್ರೇಲಿಯಾದಲ್ಲೂ 2022ರ ಜೂನ್‌ನಿಂದ ಇಂಥ ನಿಯಮಗಳು ಕಡ್ಡಾಯ. ಯುರೋಪಿನ ಹೊಸ ಉತ್ಪನ್ನ ಸುರಕ್ಷತಾ ನಿಯಮ 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿದೆ. ಮಾಲು ಅಪಾಯಕಾರಿ ಎಂದು ಗೊತ್ತಾದರೆ ಕೂಡಲೇ ಅಧಿಕಾರಿಗಳಿಗೆ ತಿಳಿಸಬೇಕು ಎನ್ನುತ್ತದೆ ಅದು.

ಅಮೆರಿಕದಲ್ಲಿ ಹೀಗೆ ತಿಳಿಸಲು ಇರುವ ಗಡುವು 24 ಗಂಟೆ. ವಿಚಾರಣೆ ಬೇಕೆನ್ನಿಸಿದರೆ ಸಾಮಾನ್ಯವಾಗಿ ಹತ್ತು ಕೆಲಸದ ದಿನ ಸಿಗುತ್ತದೆ. ಮಾಹಿತಿ ಮೇಲಧಿಕಾರಿಗಳ ಮೇಜಿಗೆ ಬಂದಿರಲಿಲ್ಲ ಎಂದು ಕೈತೊಳೆದುಕೊಳ್ಳಲು ಆಗುವುದಿಲ್ಲ. ಅದರ ಮಹತ್ವ ಅರ್ಥ ಮಾಡಿಕೊಳ್ಳಬಲ್ಲ ನೌಕರನ ಕೈಗೆ ಬಂದ ಐದು ದಿನಕ್ಕೆ ಕಂಪನಿಗೇ ಗೊತ್ತಾಯಿತು ಎಂದು ಲೆಕ್ಕ.

ತಡ ಮಾಡಿದವರಿಗೆ ಏನಾಯಿತು ಎಂಬುದು ನಿಮ್ಮ ವಕೀಲರಿಗೆ ಗೊತ್ತಿರಲೇಬೇಕು. ಬೆಂಕಿ ಹೊತ್ತಿಕೊಳ್ಳುತ್ತಿದ್ದ, ಕೋಣೆಯ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್‌ಗಳ ವಿಷಯವನ್ನು ಸಕಾಲಕ್ಕೆ ತಿಳಿಸದ ಗ್ರೀ ಕಂಪನಿ 2021ರಲ್ಲಿ 9.1 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. 2023ರ ನವೆಂಬರ್‌ನಲ್ಲಿ ಅದೇ ಪ್ರಕರಣದಲ್ಲಿ ಇಬ್ಬರು ಅಧಿಕಾರಿಗಳೂ ತಪ್ಪಿತಸ್ಥರೆಂದು ತೀರ್ಪಾಯಿತು. ದಂಡವನ್ನು ಕಂಪನಿ ಕಟ್ಟಬಹುದು, ಜೈಲಿಗೆ ಹೋಗುವುದು ಮನುಷ್ಯರೇ ಅಲ್ವಾ? ಟ್ರೆಡ್‌ಮಿಲ್ ಅಡಿಗೆ ಜನ ಸಿಕ್ಕಿಕೊಳ್ಳುತ್ತಿದ್ದಾರೆ ಎಂಬ ದೂರುಗಳನ್ನು ತಕ್ಷಣ ತಿಳಿಸದ ಪೆಲೋಟನ್ ಕಂಪನಿಗೆ 2023ರಲ್ಲಿ ಬಿದ್ದ ದಂಡ ಸುಮಾರು 1.9 ಕೋಟಿ ಡಾಲರ್.

ನನಗೆ ಪರಿಹಾರದ ಹಣ ಬೇಡ. ರಿಯಾಯಿತಿ ಕೂಪನ್ನೂ ಬೇಡ. ನನ್ನ ದೂರನ್ನು ಮತ್ತೆ ತೆರೆದು ಸುರಕ್ಷತೆಯ ದೂರು ಎಂದು ದಾಖಲಿಸಿ. ಈ ಟ್ರೇ ಇರುವ ರಿಮೋಟುಗಳ ಮಾರಾಟ ನಿಲ್ಲಿಸಿ. ಈಗಾಗಲೇ ಕೊಂಡವರ ಫೋನ್ ನಂಬರ್, ಇಮೇಲ್ ನಿಮ್ಮ ಹತ್ತಿರ ಇವೆ. ಹಬ್ಬದ ಆಫರ್ ಕಳಿಸಲು ಬಳಸುತ್ತೀರಲ್ಲ, ಅದೇ ಪಟ್ಟಿ. ಇವತ್ತೇ ಅವರಿಗೆ ಬ್ಯಾಟರಿ ತೆಗೆದು ಮಕ್ಕಳ ಕೈಗೆ ಸಿಗದಂತೆ ಇಡಿ ಎಂದು ಒಂದು ಸಂದೇಶ ಹಾಕಿ. ವಿನ್ಯಾಸ ಬದಲಿಸುವುದಕ್ಕೆ ಸಮಯ ಬೇಕು, ಅದು ನನಗೂ ಅರ್ಥವಾಗುತ್ತದೆ. ಸಂದೇಶ ಕಳಿಸಲು ಅಷ್ಟು ಸಮಯ ಬೇಕಿಲ್ಲ.

ಹತ್ತು ಕೆಲಸದ ದಿನಗಳೊಳಗೆ, ಹೆಸರು ಮತ್ತು ಹುದ್ದೆ ಇರುವ ಅಧಿಕಾರಿಯಿಂದ ಲಿಖಿತ ಉತ್ತರ ಬರಲಿ. ಬರದಿದ್ದರೆ ಈ ಪತ್ರವನ್ನು ಫೋಟೋಗಳ ಜೊತೆ ಗ್ರಾಹಕ ಸುರಕ್ಷತಾ ಪ್ರಾಧಿಕಾರಕ್ಕೆ ಕೊಡುತ್ತೇನೆ, ಷೇರುದಾರರ ಸಭೆಯಲ್ಲೂ ಕೇಳುತ್ತೇನೆ. ಎರಡೂ ರಿಮೋಟುಗಳನ್ನು ಹಾಗೇ ಎತ್ತಿಟ್ಟಿದ್ದೇನೆ. ಪರೀಕ್ಷೆಗೆ ಬೇಕಿದ್ದರೆ ಯಾರು, ಎಲ್ಲಿ ಪರೀಕ್ಷಿಸುತ್ತಾರೆ ಎಂದು ಬರೆದು ತಿಳಿಸಿ. ಒಂದನ್ನು ಕಳಿಸುತ್ತೇನೆ, ಇನ್ನೊಂದು ನನ್ನ ಹತ್ತಿರವೇ ಇರುತ್ತದೆ.

ಇಂತಿ,
ನಿಮ್ಮ ಗ್ರಾಹಕ ಹಾಗೂ ಷೇರುದಾರ