ಅಮೆರಿಕದ ಫುಟ್‌ಬಾಲ್ ಅಭಿಮಾನಿಯನ್ನು ಹಗುರವಾಗಿ ಕಾಣಬೇಡಿ

ಸಂಪಾದಕರಿಗೆ,

ಮಾನ್ಯರೆ,

ಕಳೆದ ವಾರ ತಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನದಲ್ಲಿ, ಫುಟ್‌ಬಾಲನ್ನು ‘ಸಾಕರ್’ ಎನ್ನುವ ದೇಶಕ್ಕೆ ವಿಶ್ವಕಪ್ ನಡೆಸಲು ಏನು ಯೋಗ್ಯತೆಯಿದೆ ಎಂಬ ಧಾಟಿಯ ಮಾತಿತ್ತು. ಮಗಳ ಮನೆಯಲ್ಲಿರಲೆಂದು ನ್ಯೂಜೆರ್ಸಿಗೆ ಹೋಗಿ ಎರಡು ಬೇಸಿಗೆ ಕಳೆದು ಬಂದಿರುವ ನನಗೆ ಆ ಮಾತು ಸರಿಯೆನಿಸಲಿಲ್ಲ.

ಮೊದಲು ಹೆಸರಿನ ವಿಚಾರ. ‘ಸಾಕರ್’ ಅಮೆರಿಕನ್ನರು ಹುಟ್ಟಿಸಿದ ಪದವಲ್ಲ. ‘ಅಸೋಸಿಯೇಷನ್ ಫುಟ್‌ಬಾಲ್’ ಎಂಬುದರ ಮೊದಲ ಪದವನ್ನು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವಿದ್ಯಾರ್ಥಿಗಳು ಕತ್ತರಿಸಿ ತಿರುಚಿ ಮಾಡಿಕೊಂಡ ಆಡುಮಾತು. ಅಮೆರಿಕದಲ್ಲಿ ಬೇರೊಂದು ಆಟ ಆಗಲೇ ಫುಟ್‌ಬಾಲ್ ಎಂಬ ಹೆಸರನ್ನು ಹಿಡಿದು ಕೂತಿದ್ದರಿಂದ ಅವರು ಇದನ್ನು ಉಳಿಸಿಕೊಂಡರು. ಕಾಲ್ಚೆಂಡು ಎಂಬ ಸೊಗಸಾದ ಪದವನ್ನು ಮೂಲೆಗಿಟ್ಟಿರುವ ನಾವು ಈ ವಿಷಯದಲ್ಲಿ ಯಾರನ್ನೂ ಹಂಗಿಸುವಂತಿಲ್ಲ.

ನನ್ನ ಮಗಳ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಸಂಜೆ ಬೇಲಿಯ ಬಳಿ ನಿಂತರೆ ಅವರು ಹೇಳುತ್ತಿದ್ದುದೆಲ್ಲ ತಮ್ಮ ತಂಡ ಗೆದ್ದ, ಸೋತ ಕಥೆಗಳೇ. 1950ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್‌ನ ಬೆಲೊ ಹೊರಿಜೊಂಟೆಯಲ್ಲಿ ಅಮೆರಿಕ ತಂಡ ಇಂಗ್ಲೆಂಡನ್ನು 1-0ರಿಂದ ಸೋಲಿಸಿತು. ಗೋಲು ಹೊಡೆದ ಜೋ ಗೆಟ್ಜೆನ್ಸ್ ಹೈಟಿಯಲ್ಲಿ ಹುಟ್ಟಿದವರು. ಅದಾದ ಮೇಲೆ ಸತತ ಒಂಬತ್ತು ವಿಶ್ವಕಪ್‌ಗಳಿಗೆ ಆ ದೇಶ ಅರ್ಹತೆಯನ್ನೇ ಪಡೆಯಲಿಲ್ಲ. ಕೊನೆಗೆ 1989ರ ನವೆಂಬರ್ 19ರಂದು ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಪಾಲ್ ಕ್ಯಾಲಿಗಿಯುರಿ ಹೊಡೆದ ಒಂದೇ ಗೋಲು ಬಾಗಿಲು ತೆರೆಯಿತು. ಅದೇ ಟ್ರಿನಿಡಾಡ್‌ನ ನೆಲದಲ್ಲಿ, 2017ರ ಅಕ್ಟೋಬರ್ 10ರಂದು, ಡ್ರಾ ಮಾಡಿಕೊಂಡಿದ್ದರೂ ಸಾಕಾಗಿದ್ದ ಪಂದ್ಯವನ್ನು 2-1ರಿಂದ ಸೋತು ಅಮೆರಿಕ ರಷ್ಯಾದ ವಿಶ್ವಕಪ್ಪಿನಿಂದ ಹೊರಗುಳಿಯಿತು. ಆ ರಾತ್ರಿ ಊಟ ಸೇರಲಿಲ್ಲವೆಂದು ಆ ಹಿರಿಯರು ಹೇಳಿದಾಗ, ನಮ್ಮ ಮನೆಗಳಲ್ಲಿ ಕ್ರಿಕೆಟ್ ಸೋತ ದಿನದ ಮುಖಗಳೇ ನನ್ನ ಕಣ್ಣ ಮುಂದೆ ಬಂದವು. ವ್ಯತ್ಯಾಸವೆಂದರೆ, ನಮಗೆ ಜೊತೆಗೆ ಅಳಲು ಇಡೀ ಬೀದಿ ಇರುತ್ತದೆ. ಅವರ ಬೀದಿಯಲ್ಲಿ ಆ ದಿನ ಪಂದ್ಯವಿತ್ತೆಂಬುದೂ ಹೆಚ್ಚಿನವರಿಗೆ ತಿಳಿದಿರಲಿಲ್ಲ.

2002ರ ವಿಶ್ವಕಪ್ಪಿನಲ್ಲಿ ದಕ್ಷಿಣ ಕೊರಿಯಾದಲ್ಲಿ ನಡೆದ ಅಮೆರಿಕ–ಮೆಕ್ಸಿಕೊ ಪಂದ್ಯ ಅಲ್ಲಿನ ಪೂರ್ವ ಕರಾವಳಿಯವರಿಗೆ ಬೆಳಗಿನ ಜಾವ ಎರಡೂವರೆಗೆ ಬಿತ್ತು. ಅಲಾರಂ ಇಟ್ಟುಕೊಂಡು ಎದ್ದವರಿಗೆ 2-0 ಗೆಲುವು ಸಿಕ್ಕಿತು; ಮುಂದಿನ ಪಂದ್ಯದಲ್ಲಿ ಜರ್ಮನಿ 1-0ರಿಂದ ಮನೆಗೆ ಕಳುಹಿಸಿತು. ತಮ್ಮ ನೆಲದಲ್ಲಿ ಆಡಿದರೂ ಈ ತಂಡಕ್ಕೆ ತವರಿನ ಸುಖವಿಲ್ಲ. ಮೆಕ್ಸಿಕೊ ಎದುರಾದರೆ ಗ್ಯಾಲರಿಯ ಬಹುಪಾಲು ಹಸಿರು ಅಂಗಿಗಳಿಂದ ತುಂಬಿಬಿಡುತ್ತದೆ; ಲಂಡನ್ನಿನಲ್ಲಿ ಭಾರತ ಕ್ರಿಕೆಟ್ ಆಡಿದಾಗ ಇಂಗ್ಲೆಂಡಿನವರಿಗೆ ಆಗುವ ಸಂಕಟ ಇದೇ ಇರಬೇಕು. ಅದಕ್ಕೆಂದೇ 2001ರ ಫೆಬ್ರುವರಿಯ ಅರ್ಹತಾ ಪಂದ್ಯವನ್ನು ಮೈ ಮರಗಟ್ಟಿಸುವ ಚಳಿಯ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಇಟ್ಟು 2-0ರಿಂದ ಗೆದ್ದರು. ಮುಂದೆ 2005, 2009, 2013ರಲ್ಲೂ ಅದೇ ಊರು, ಅದೇ 2-0. ಇಂಥ ಉಪಾಯ ಹೂಡುವವರನ್ನು ಆಟ ತಿಳಿಯದವರು ಎನ್ನಲು ನನಗೆ ಮನಸ್ಸು ಬಾರದು.

ಲೇಖಕರು ಮಹಿಳೆಯರ ಆಟವನ್ನು ಪ್ರಸ್ತಾಪಿಸಲೇ ಇಲ್ಲ ಎಂಬುದು ನನ್ನ ದೊಡ್ಡ ತಕರಾರು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂದು 1972ರಲ್ಲಿ ಅಲ್ಲಿ ಕಾನೂನು ಬಂದ ಮೇಲೆ ಶಾಲೆ ಕಾಲೇಜುಗಳ ಮೈದಾನಗಳು ಹುಡುಗಿಯರಿಗೆ ತೆರೆದುಕೊಂಡವು. ಅಮೆರಿಕದ ಮಹಿಳಾ ತಂಡ 1991, 1999, 2015 ಮತ್ತು 2019ರಲ್ಲಿ ವಿಶ್ವಕಪ್ ಗೆದ್ದಿದೆ. 1999ರ ಫೈನಲ್ ನೋಡಲು ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ 90,185 ಜನ ಸೇರಿದ್ದರು. ನನ್ನ ಮೊಮ್ಮಗಳು ಶನಿವಾರ ಬೆಳಿಗ್ಗೆ ಮೊಣಕಾಲುದ್ದದ ಕಾಲುಚೀಲ ಏರಿಸಿಕೊಂಡು ಮೈದಾನಕ್ಕೆ ಹೊರಡುವಾಗ ‘ತಾತ, ನೀವೂ ಬನ್ನಿ’ ಎಂದು ಕರೆಯುತ್ತಿದ್ದಳು. ಮೈಸೂರಿನ ಮೈದಾನಗಳಲ್ಲಿ ಸಂಜೆ ಎಷ್ಟು ಹುಡುಗಿಯರು ಚೆಂಡು ಒದೆಯುವುದನ್ನು ಕಂಡಿದ್ದೇವೆ?

ನಾವು ನಗುವ ಮುನ್ನ ನಮ್ಮದನ್ನೂ ನೆನೆಯಬಹುದು. 1950ರ ಅದೇ ವಿಶ್ವಕಪ್ಪಿಗೆ ಭಾರತಕ್ಕೂ ಸ್ಥಾನ ಸಿಕ್ಕಿತ್ತು, ನಾವು ಹೋಗಲಿಲ್ಲ. ಇನ್ನು ‘ಮೈಸೂರು’ ಹೆಸರಿನಲ್ಲಿ ಆಡುತ್ತಿದ್ದ ನಮ್ಮ ರಾಜ್ಯದ ತಂಡ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು, ಕೊನೆಯದು 1968-69ರಲ್ಲಿ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಮಣಿಸಿ ಆ ಟ್ರೋಫಿಯನ್ನು ಮರಳಿ ತಂದಾಗ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನನ್ನೊಡನೆ ನಡೆಯುವ ಏಳು ಮಂದಿಯಲ್ಲಿ ಒಬ್ಬರಿಗೂ ಸುದ್ದಿ ಗೊತ್ತಿರಲಿಲ್ಲ. ಅವರೆಲ್ಲ ದಿನಾ ಪತ್ರಿಕೆ ಓದುವವರೇ.

ಕೊನೆಯದಾಗಿ ಒಂದು ಕೋರಿಕೆ. 2026ರ ಜೂನ್ 11ರಿಂದ ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ 48 ತಂಡಗಳ ವಿಶ್ವಕಪ್ ನಡೆಯಲಿದೆ. 104 ಪಂದ್ಯಗಳ ವೇಳಾಪಟ್ಟಿಯನ್ನು ಅಲ್ಲಿನ ಸಮಯದಲ್ಲೇ ಅಚ್ಚು ಹಾಕಬೇಡಿ. ನ್ಯೂಜೆರ್ಸಿಗೂ ನಮಗೂ ಆಗ ಒಂಬತ್ತೂವರೆ ಗಂಟೆಗಳ ಅಂತರವಿರುತ್ತದೆ. ಅಲ್ಲಿ ಜುಲೈ 19ರ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಫೈನಲ್ ನಮಗೆ ಜುಲೈ 20ರ ಮಧ್ಯರಾತ್ರಿ ಕಳೆದು 12.30ಕ್ಕೆ. ಅಮೆರಿಕದಲ್ಲೇ ನಡೆದ 2024ರ ಕೋಪಾ ಅಮೆರಿಕ (ದಕ್ಷಿಣ ಅಮೆರಿಕ ಖಂಡದ ಫುಟ್‌ಬಾಲ್ ಪಂದ್ಯಾವಳಿ) ಫೈನಲ್ ದಿನ ಪತ್ರಿಕೆಯೊಂದು ಅಲ್ಲಿನ ದಿನಾಂಕಕ್ಕೆ ಇಲ್ಲಿನ ಗಂಟೆ ಸೇರಿಸಿ ಮುದ್ರಿಸಿದ್ದನ್ನು ನಂಬಿ, ನಾನು ಭಾನುವಾರ ನಸುಕಿನಲ್ಲೇ ಎದ್ದು ಕಾಫಿ ಹಿಡಿದು ಟಿವಿ ಮುಂದೆ ಕೂತಿದ್ದೆ. ಪಂದ್ಯವಿದ್ದದ್ದು ಸೋಮವಾರ.

ಇಂತಿ ತಮ್ಮ ಓದುಗ,
ನಿವೃತ್ತ ಉಪನ್ಯಾಸಕ, ಸರಸ್ವತಿಪುರಂ, ಮೈಸೂರು